ಕೊಳೆಯದ ಬಟ್ಟೆ

ನೀರು ಹಾಯಿಸಿದ ಮಣ್ಣಿನಿಂದ ಚಿಕ್ಕಂದಿನಲ್ಲಿ ಏಳುತ್ತಿದ್ದ ಘಮ ಸಾಕಮ್ಮನಿಗೆ ಈಗ ಸಿಗುತ್ತಿರಲಿಲ್ಲ. ತನ್ನ ಮೂಗಿಗೇ ವಯಸ್ಸಾಯಿತೆಂದು ಅವಳು ಸುಮ್ಮನಿದ್ದಳು.

ಮಳೆಗಾಲಕ್ಕೆ ಮುಂಚೆ ಮಣ್ಣಿನ ಪರೀಕ್ಷೆಗೆಂದು ತಾನೇ ಸಾಕಮ್ಮನ ಸೊಪ್ಪಿನ ಮಡಿಯಲ್ಲಿ ಹೂತಿದ್ದ ಹತ್ತಿಬಟ್ಟೆಯನ್ನು ಕೃಷಿ ಕಾಲೇಜಿನ ಹುಡುಗಿ ಇಂದು ಅಗೆದು ತೆಗೆದಳು.

“ಒಂದು ನೂಲೂ ಹಾಳಾಗಿಲ್ಲ ನೋಡವ್ವ. ಒಳ್ಳೆ ಮಣ್ಣು ಅಲ್ವಾ?” ಎಂದಳು ಸಾಕಮ್ಮ.

“ಕೊಳೀಬೇಕಿತ್ತಜ್ಜಿ. ಬಟ್ಟೆ ತಿನ್ನೋ ಸೂಕ್ಷ್ಮಜೀವಿಗಳೇ ಸತ್ತಿವೆ. ಮಣ್ಣಿಗೆ ಘಮ ಕೊಡೋದೂ ಅವೇ. ಆ ಬ್ಯಾಟರಿ ಕರಗಿಸೋ ಶೆಡ್ಡಿಂದ ಬರೋ ನೀರಲ್ಲಿ ಸೀಸದ ವಿಷ ಇದೆ.”

“ಬೇರೆ ನೀರು ಎಲ್ಲಿಂದ ತರ್ಲಿ? ಬೇರೆ ಹೊಲ ಎಲ್ಲೈತೆ?”

ಹುಡುಗಿ ಬದುವಿನ ಮೇಲೆ ಕೂತು, ಹಾಸ್ಟೆಲ್ಲಿನಿಂದ ತಂದಿದ್ದ ಊಟದ ಡಬ್ಬಿ ತೆರೆದಳು.

“ಈ ಸೊಪ್ಪು ಮಾತ್ರ ನೀವು ತಿನ್ನಬೇಡಿ ಅಜ್ಜಿ.”

“ನಮಗೆಲ್ಲಿ ಉಳೀತದವ್ವ? ಒಂದು ಕಟ್ಟೂ ಬಿಡದಂಗೆ ನಿಮ್ಮ ಹಾಸ್ಟೆಲ್ಲಿಗೇ ಹೋಗ್ತದೆ.”

ಹುಡುಗಿಯ ತುತ್ತು ಬಾಯಿಯ ಹತ್ತಿರವೇ ನಿಂತಿತು.

ಸಾಕಮ್ಮ ಡಬ್ಬಿಯಲ್ಲಿದ್ದ ಸೊಪ್ಪಿನ ಪಲ್ಯವನ್ನು ನೋಡಿದಳು. ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮಗಳ ಊರಿನ ರಾಗಿಯಲ್ಲಿ ಮಾಡಿದ್ದ ತನ್ನ ಮುದ್ದೆಯನ್ನು ಅವಳ ಕೈಗಿಟ್ಟಳು.