ಒರಳು ಯಾರ ಕಡೆ?

ಬೆಲ್ಲ ಹಾಕಿದ್ದು ಉಪ್ಪಿನಕಾಯಿಯೇ ಅಲ್ಲ ಎಂದು ದೊಡ್ಡಗಂಗಮ್ಮ ಹೇಳಿದ್ದು ಸೋಮವಾರ ಬೆಳಿಗ್ಗೆ. ಬೆಲ್ಲ ಹಾಕದ್ದನ್ನು ನಾಯಿಯೂ ಮೂಸುವುದಿಲ್ಲ ಎಂದು ಅವಳ ತಂಗಿ ಚಿಕ್ಕಗಂಗಮ್ಮ ಅದೇ ಉಸಿರಿನಲ್ಲಿ ಹೇಳಿದಳು. ಮಧ್ಯಾಹ್ನದೊಳಗೆ ಶ್ರೀನಿವಾಸಪುರದ ಪಕ್ಕದ ಆ ಹನ್ನೊಂದು ಮನೆಯ ಊರು ಎರಡು ಪಕ್ಷವಾಯಿತು. ಜಗಳದ ಸದ್ದು ಮುಳಬಾಗಿಲಿಗೆ ಕೇಳಿಸಿತು. ಮಾವಿನ ತೋಪಿನ ಕಾಗೆಗಳು ಕೂಡ ಪಕ್ಷ ನೋಡಿ ಕೊಂಬೆ ಆರಿಸಿಕೊಂಡವು. ನಂಬದವರು ಕಾಗೆಗಳನ್ನೇ ಕೇಳಬಹುದು.

ಕೋಲಾರದಲ್ಲಿ ಚರಿತ್ರೆ ಪಾಠ ಮಾಡುವ ಮುನಿಕೃಷ್ಣಪ್ಪ ಮೇಷ್ಟ್ರು ೧೯೩೮ರ ಆ ಬೇಸಿಗೆ ರಜೆಗೆ ಊರಿಗೆ ಬಂದಿದ್ದ. ಅವನಿಗೆ ಹಬ್ಬ. "ಇದು ನೂರಕ್ಕೆ ನೂರು ಅಮೆರಿಕಾ ಕಣ್ರೋ," ಎಂದು ಮಣ್ಣಿನಲ್ಲಿ ಗೀಟೆಳೆದ. "ಅಲ್ಲಿನ ಅಂತರ್ಯುದ್ಧದಲ್ಲೂ ಹಿಂಗೇ ಒಂದೊಂದು ಸಂಸ್ಥಾನ ಒಂದೊಂದು ಕಡೆ ಹೋಯ್ತು. ಅಲ್ಲಿ ಮನುಷ್ಯರನ್ನ ಮಾರೋದು ಇರಬೇಕಾ ಬೇಡ್ವಾ ಅಂತ, ಇಲ್ಲಿ ಬೆಲ್ಲ. ವರ್ಜೀನಿಯಾ ಅನ್ನೋದು ನಡೂಮಧ್ಯ ಸೀಳಿ ಎರಡಾಯ್ತು, ನಮ್ಮ ಆವಲಪ್ಪನ ಮನೆ ತರ."

ಆವಲಪ್ಪ ಅಕ್ಕನ ಕಡೆ, ಅವನ ಹೆಂಡತಿ ತಂಗಿಯ ಕಡೆ. ಅವರ ಒಂದೇ ಒಲೆಯಲ್ಲಿ ಎರಡು ಬೆಂಕಿ ಉರಿಯುತ್ತಿತ್ತು.

ಯಾವ ಪಕ್ಷಕ್ಕೂ ಸೇರದೆ ಉಳಿದದ್ದು ಮುದುಕಿ ಬೈರಮ್ಮನ ಮನೆ. ಊರಿಗೆಲ್ಲ ಖಾರ ಕುಟ್ಟುವ ಒರಳು ಇದ್ದದ್ದು ಅವಳ ಅಂಗಳದಲ್ಲಿ ಮಾತ್ರ. ಐರಾವತ ಬಂದು ಎಳೆದರೂ ಅಲುಗದ ಕಲ್ಲು.

"ಅದು ಕೆಂಟಕಿ," ಎಂದ ಮೇಷ್ಟ್ರು. "ನಾನು ಯಾರ ಕಡೇನೂ ಅಲ್ಲ ಅಂದ ಸಂಸ್ಥಾನ. ಮೊದಲು ಸೈನ್ಯ ನುಗ್ಗಿಸಿದೋರು ಅದನ್ನ ಕಳ್ಕೊಂಡ್ರು. ಮೊದಲು ಕಾಲಿಡಬೇಡ."

ಇದನ್ನು ಅವನು ಗುಟ್ಟಾಗಿ ಅಕ್ಕನಿಗೆ ಹೇಳಿದ. ಅಷ್ಟೇ ಗುಟ್ಟಾಗಿ ತಂಗಿಗೂ ಹೇಳಿದ. ಹಾಗಾಗಿ ಎರಡು ದಿನ ಯಾರೂ ಕಾಲಿಡಲಿಲ್ಲ. ಇಬ್ಬರ ಮನೆಯಲ್ಲೂ ಸೋಮವಾರವೇ ಹೆಚ್ಚಿ ಉಪ್ಪು ಹಾಕಿದ ಮಾವಿನ ಹೋಳು ನೆನೆಯುತ್ತಿತ್ತು. ಮೂರನೆಯ ದಿನ ಖಾರ ಬೀಳದಿದ್ದರೆ ವರ್ಷದ ಉಪ್ಪಿನಕಾಯಿ ತಿಪ್ಪೆಗೆ.

ಬುಧವಾರ ಬೆಳಿಗ್ಗೆ ಅಕ್ಕ ಒಂದು ಕಡೆಯಿಂದ, ತಂಗಿ ಇನ್ನೊಂದು ಕಡೆಯಿಂದ, ಮೆಣಸಿನಕಾಯಿಯ ಮೊರ ಹಿಡಿದು ಬೈರಮ್ಮನ ಅಂಗಳಕ್ಕೆ ಬಂದರು. ಹಿಂದೆ ಸೈನ್ಯವಿರಲಿಲ್ಲ. ಪಕ್ಷ ಸೇರಲು ಹತ್ತು ಮನೆ ಇದ್ದವು. ಖಾರ ಕುಟ್ಟಲು ಒಂದು ಕೈಯೂ ಬರಲಿಲ್ಲ. ನೋಡಲು ಮಾತ್ರ ಮೇಷ್ಟ್ರು ಬಂದಿದ್ದ.

"ನಾನೇ ಮೊದಲು ಬಂದಿದ್ದು," ಎಂದಳು ದೊಡ್ಡಗಂಗಮ್ಮ.

"ಹಂಗಾದ್ರೆ ನೀನೇ ಸೋತೆ ಅಕ್ಕಯ್ಯ. ಮೇಷ್ಟ್ರು ಹೇಳವ್ರೆ."

"ನಿನಗೂ ಹೇಳಿದ್ನಾ ಅವನು?"

ಇಬ್ಬರೂ ತಿರುಗಿ ನೋಡಿದರು. ಮೇಷ್ಟ್ರು ಆಕಾಶ ನೋಡಿದ.

ಬೈರಮ್ಮ ಒಳಗಿನಿಂದ ಎರಡು ಒನಕೆ ತಂದು ಇಬ್ಬರ ಕೈಗೂ ಕೊಟ್ಟಳು. "ಒಬ್ಬಳೇ ಕುಟ್ಟಿದ್ರೆ ಸಂಜೆ ಆಗ್ತದೆ. ಖಾರ ಒಟ್ಟಿಗೆ ಕುಟ್ಟಿ. ಬೆಲ್ಲದ ಜಗಳ ಆಮೇಲೆ ನಿಮ್ಮ ನಿಮ್ಮ ಜಾಡಿಗೆ ಹಾಕ್ಕೊಳ್ಳಿ."

ಒಂದರ ಹಿಂದೆ ಒಂದು ಒನಕೆ ಬಿತ್ತು. ತವರಿನಲ್ಲಿ ಚಿಕ್ಕಂದಿನಲ್ಲೇ ಕಲಿತ ತಾಳ. ಒಮ್ಮೆಯೂ ಒಂದಕ್ಕೊಂದು ತಾಗಲಿಲ್ಲ. ಅರ್ಧ ಗಂಟೆಯಲ್ಲಿ ಇಡೀ ಕೋಲಾರ ಜಿಲ್ಲೆ ಸೀನಿತು.

ಬೈರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಏನ್ಲಾ ಮುನಿಕೃಷ್ಣ, ಆ ಅಮೆರಿಕಾ ಜಗಳ ಎಷ್ಟು ದಿನ ನಡೀತು?"

"ನಾಲ್ಕು ವರ್ಷ ಅಜ್ಜಿ. ಆರು ಲಕ್ಷ ಜನ ಸತ್ರು." ಈ ಕತೆಯಲ್ಲಿ ಈ ಒಂದು ಲೆಕ್ಕಕ್ಕೆ ಮಾತ್ರ ಯಾರೂ ಉಬ್ಬಿಸಲು ಒಂದು ಸೊನ್ನೆಯನ್ನೂ ಸೇರಿಸಿರಲಿಲ್ಲ.

ಬೈರಮ್ಮ ಎರಡೂ ಒನಕೆಗಳನ್ನು ಒರೆಸಿ ಒಟ್ಟಿಗೆ ಗೋಡೆಗೆ ಒರಗಿಸಿದಳು.

"ಪಾಪ," ಎಂದಳು. "ಅಲ್ಲಿ ಯಾರೂ ಉಪ್ಪಿನಕಾಯಿ ಹಾಕ್ತಿರಲಿಲ್ವಾ?"