ಎಲ್ಲಿ ಕಳೆದದ್ದು?

“ಲೋಕದಲ್ಲಿ ಬೇರೆ ಯಾರೂ ಸಿಗಲಿಲ್ವಾ ನಿಮಗೆ? ನನ್ನ ತಂಗೀನೇ ಬೇಕಾಗಿತ್ತಾ?”

ಹೆಂಡತಿಯ ಕೂಗಿಗೆ, ಡೇರೆಯ ಹಿಂದೆ ಪಾತ್ರೆ ಉಜ್ಜುತ್ತಿದ್ದ ಅಡುಗೆಯವನು ಕೈ ನಿಲ್ಲಿಸಿ ಕಿವಿಗೊಟ್ಟ.

ಮರಳಿನ ಮೇಲೆ ಸಾಕ್ಷಿ ಬಿದ್ದಿತ್ತು. ಗಂಡನ ಅಗಲ ಚಪ್ಪಲಿಯ ಗುರುತು, ಪಕ್ಕದಲ್ಲೇ ತಂಗಿಯ ಸಣ್ಣ ಹೆಜ್ಜೆ. ಎರಡೂ ಜೊತೆಯಾಗಿ ದಿಬ್ಬ ಹತ್ತಿ, ಜೊತೆಯಾಗಿಯೇ ಇಳಿದಿದ್ದವು. ಬೆಳಕು ಹರಿಯುವ ಮೊದಲೇ ಹೋಗಿ ಬಂದಿದ್ದಾರೆ. ತಂಗಿಯ ಕಣ್ಣು ಬೇರೆ ಕೆಂಪಾಗಿತ್ತು.

“ಕೂಗಬೇಡ,” ಎಂದ ಗಂಡ. “ನಿನಗೋಸ್ಕರನೇ ಹೋಗಿದ್ದು. ಒಂದು ಆಟ ಇಟ್ಟಿದ್ದೀನಿ. ನೀನು ಕಳಕೊಂಡ ಸಾಮಾನೆಲ್ಲ ಇಲ್ಲೇ ಬಚ್ಚಿಟ್ಟಿದ್ದೀನಿ. ಹುಡುಕು.”

“ಅದಕ್ಕೆ ಇವಳು ಯಾಕೆ?”

“ಗುಂಡಿ ತೋಡೋಕೆ ಜೊತೆ ಬೇಕಿತ್ತು.”

ಅವನು ಕುಶನ್ ಕೆಲಸದವನು. ಬಸ್ಸಿನ ಸೀಟು, ಕುರ್ಚಿ, ಹಾಸಿಗೆ, ಯಾವುದು ಹರಿದರೂ ಊರು ಅವನ ಅಂಗಡಿಗೆ ಬರುತ್ತಿತ್ತು. ತುಟಿಯಲ್ಲಿ ಮೊಳೆ ಕಚ್ಚಿಕೊಂಡೇ ಅರ್ಧ ಆಯುಷ್ಯ ಕಳೆದವನಿಗೆ ಮಾತು ಕಡಿಮೆ. ಅಂಥವನು ಇದ್ದಕ್ಕಿದ್ದಂತೆ ರಜೆಗೆ ಮರಳುಗಾಡಿಗೆ ಹೋಗೋಣ, ತಂಗಿಯೂ ಅವಳ ಗಂಡನೂ ಬರಲಿ ಎಂದಾಗಲೇ ಅವಳು ಎಚ್ಚರವಾಗಬೇಕಿತ್ತು. ಎರಡೂ ಮನೆಯ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಡಲೇಬೇಕೆಂದು ಹಟ ಹಿಡಿದವನೂ ಅವನೇ.

ಅವಳು ಬರುವುದಿಲ್ಲ ಎಂದು ರಂಪ ಮಾಡಿದ್ದಳು. ತಂಗಿಯ ಗಂಡನಿಗೂ ಅವಳಿಗೂ ಎಣ್ಣೆ ಸೀಗೇಕಾಯಿ ಎಂಬುದು ಇಡೀ ಬಳಗಕ್ಕೆ ಗೊತ್ತಿದ್ದ ವಿಷಯ. ಮೂರು ವರ್ಷದ ಹಿಂದೆ ಯಾವುದೋ ಸಣ್ಣ ಮಾತಿಗೆ ಜಗಳವಾಗಿ, “ಇನ್ನು ನಿಮ್ಮ ಹೊಸ್ತಿಲು ತುಳಿದರೆ ನನ್ನ ಕಾಲು ಮುರೀಲಿ” ಎಂದು ಎಲ್ಲರೆದುರು ಹೇಳಿ ಎದ್ದು ಬಂದಿದ್ದಳು. ಮನೆಗೆ ಬಣ್ಣ ಹೊಡೆಸಿದೆ, ಹೊಸ ಸೋಫಾ ತಂದೆ, ಜ್ವರ ಬಂದು ಮಲಗಿದೆ, ಯಾವುದಕ್ಕೂ ಅಕ್ಕ ಬರಲಿಲ್ಲ ಎಂದು ತಂಗಿ ಕಂಡಕಂಡವರ ಹತ್ತಿರ ನೊಂದುಕೊಳ್ಳುತ್ತಿದ್ದಳು. ಇಲ್ಲಿಯೂ ಅವರಿಬ್ಬರ ಮಾತು ತಂಗಿಯ ಮೂಲಕವೇ.

“ಅವರಿಗೆ ಚಹಾ ಬೇಕಾ ಕೇಳು,” ಎನ್ನುವನು ತಂಗಿಯ ಗಂಡ.

“ಆ ಮನುಷ್ಯ ಮುಟ್ಟಿದ ನೀರೂ ಬೇಡ ಅನ್ನು,” ಎನ್ನುವಳು ಇವಳು.

“ಆಟಕ್ಕೆ ಒಂದೇ ರೂಲು,” ಎಂದ ಗಂಡ. “ಸಿಕ್ಕ ಕೂಡಲೇ, ಎಲ್ಲಿ ಕಳಕೊಂಡಿದ್ದೆ ಅಂತ ಬಾಯಿಬಿಟ್ಟು ಹೇಳಬೇಕು. ಮೊದಲನೇದು, ನೆರಳು ಇರೋ ಕಡೆ.”

ಆ ಬಯಲಿನಲ್ಲಿ ನೆರಳೆಂದರೆ ಒಂದು ಮುಳ್ಳಿನ ಮರ. ಅದರ ಬುಡದಲ್ಲಿ ಕಂದು ಬಟ್ಟೆಯ ಪುಟ್ಟ ಗಂಟು. ಬಟ್ಟೆಯ ಮೇಲೆ ಹಳದಿ ಎಲೆಗಳ ಚಿತ್ತಾರ. ಬಿಚ್ಚಿದರೆ ಹಲ್ಲು ಮುರಿದ ಕೂದಲ ಕ್ಲಿಪ್ಪು.

“ಅಯ್ಯೋ, ಇದಾ! ಎಲ್ಲಿ ಬಿತ್ತೋ ಏನೋ. ಕ್ಲಿಪ್ಪಿಗೆಲ್ಲ ಯಾರು ಪಹರೆ ಹಾಕ್ತಾರೆ?” ಬಟ್ಟೆಯನ್ನು ಎಸೆದಳು.

ಎರಡನೆಯದು ಕಲ್ಲುಗುಪ್ಪೆಯ ಅಡಿಯಲ್ಲಿತ್ತು. ಅದೇ ಬಟ್ಟೆ, ಅಂಥದೇ ಗಂಟು. ಒಳಗೆ ಒಂಟಿ ಕಿವಿಯೋಲೆ. ಮದುವೆಯ ಹೊಸದರಲ್ಲಿ ಗಂಡ ಕೊಡಿಸಿದ್ದು.

“ಬಸ್ಸಲ್ಲಿ ಬಿದ್ದಿತ್ತಲ್ಲಾ ರೀ! ಅವತ್ತು ಎಷ್ಟು ಅತ್ತಿದ್ದೆ. ಸೀಟು ಬಿಚ್ಚಿದಾಗ ಸಿಕ್ತಾ?”

“ಬಿಚ್ಚಿದಾಗಲೇ ಸಿಕ್ಕಿದ್ದು.”

ಇಂಥ ಗಂಡನ ಮೇಲೆ ಬೆಳಿಗ್ಗೆ ಎಂಥ ಮಾತಾಡಿಬಿಟ್ಟೆ ಎನಿಸಿತು ಅವಳಿಗೆ. ತಂಗಿ ಮುಖ ತಿರುಗಿಸಿಕೊಂಡಳು. ದೂರದಲ್ಲಿ ಮಡಚುವ ಕುರ್ಚಿಯ ಮೇಲಿದ್ದ ತಂಗಿಯ ಗಂಡ ಚಹಾದ ಲೋಟ ಕೆಳಗಿಟ್ಟು ಎದ್ದು ಬಂದ.

ಮೂರನೆಯದು ವ್ಯಾನಿನ ಹಿಂದಿನ ಚಕ್ರದ ಹತ್ತಿರ. ಬಗ್ಗಿ ಎತ್ತಿಕೊಂಡು ನಿಂತಾಗ ಗಾಜಿನೊಳಗೆ ಕಣ್ಣು ಹೋಯಿತು. ಗಂಡನ ಚೀಲದ ಪಕ್ಕದಲ್ಲಿ ತಂಗಿಯ ಚೀಲ. ತಂಗಿ ಬಂದಿದ್ದು ತನ್ನ ಗಂಡನ ಕಾರಿನಲ್ಲಿ.

ಗಂಟು ಬಿಚ್ಚಿದಳು. ಅವಳು ಕೆಲಸ ಮಾಡುವ ಔಷಧಿ ಅಂಗಡಿಯ ಬೀರುವಿನ ಕೀಲಿ. ಇದಕ್ಕಾಗಿ ಹೋದ ವರ್ಷ ಮಾಲೀಕನಿಂದ ಚೆನ್ನಾಗಿ ಬೈಸಿಕೊಂಡಿದ್ದಳು.

“ಹೇಳು,” ಎಂದ ಗಂಡ. “ಎಲ್ಲಿ ಕಳೆದದ್ದು?”

“ಇದೂ… ಬಸ್ಸಲ್ಲೇ ಇರಬೇಕು.”

“ಚರಂಡಿಗೆ ಬಿತ್ತು ಅಂದಿದ್ದೆ.”

“ಯಾವ ಕಾಲದ ಮಾತದು, ಯಾರಿಗೆ ನೆನಪಿರುತ್ತೆ! ಮಾತು ಮರೆಸಬೇಡಿ. ಇವಳ ಚೀಲ ನಮ್ಮ ವ್ಯಾನಲ್ಲಿ ಯಾಕಿದೆ? ಮೊದಲು ಅದನ್ನ ಹೇಳಿ!”

ಗಂಡ ವ್ಯಾನಿನ ಬಾಗಿಲು ತೆರೆದ. ತಂಗಿ ಹತ್ತಿ ಕುಳಿತಳು, ಮುಂದಿನ ಸೀಟಿನಲ್ಲೇ.

“ನಿನ್ನದೆಲ್ಲ ಸಿಕ್ತಲ್ಲ ಅಕ್ಕಾ,” ಎಂದಳು. “ನಂದು ಸಿಗಲ್ಲ.”

“ನೀವಿಬ್ಬರೂ ಆ ಕಾರಲ್ಲಿ ಬನ್ನಿ,” ಎಂದ ಗಂಡ. “ಅಥವಾ ಬರಲೇಬೇಡಿ.”

ವ್ಯಾನು ಮರಳು ಹಾರಿಸುತ್ತ ದಿಬ್ಬದ ಆಚೆ ಇಳಿಯಿತು. ಸ್ವಲ್ಪ ಹೊತ್ತು ಸದ್ದು ಕೇಳಿತು. ಆಮೇಲೆ ಅದೂ ಇಲ್ಲ.

ಅವಳು ದಿಬ್ಬದವರೆಗೂ ಓಡಿದಳು. “ಮೋಸಗಾರರು! ಒಡಹುಟ್ಟಿದವಳೇ ಕತ್ತು ಕುಯ್ದಳಲ್ಲಪ್ಪಾ!” ಎಂದು ಬಯಲಿಗೆಲ್ಲ ಕೇಳುವಂತೆ ಅರಚಿದಳು. ಮರಳಿನಲ್ಲೇ ಕುಸಿದು ಕುಳಿತಳು. ಅಡುಗೆಯವನು ನೀರು ತಂದುಕೊಟ್ಟ. “ಎಂಥ ಜನಾನೋ, ಪಾಪ,” ಎಂದು ಗೊಣಗುತ್ತ ಡೇರೆಯೊಳಗೆ ಹೋದ.

ತಂಗಿಯ ಗಂಡ ಮುಳ್ಳಿನ ಮರ, ಕಲ್ಲುಗುಪ್ಪೆ, ಚಕ್ರದ ಗುರುತು, ಒಂದೊಂದು ಕಡೆಯೂ ಹೋಗಿ ಅವಳು ಎಸೆದಿದ್ದ ಬಟ್ಟೆಯ ಚೂರುಗಳನ್ನು ಹೆಕ್ಕಿದ. ಅಂಗೈ ಮೇಲೆ ಒಂದರ ಪಕ್ಕ ಒಂದು ಇಟ್ಟ. ಹಳದಿ ಎಲೆಗಳು ಸರಿಯಾಗಿ ಕೂಡಿಕೊಂಡವು. ಡೇರೆಯ ಕಡೆ ಒಮ್ಮೆ ನೋಡಿ, ಅವಳ ಪಕ್ಕ ಬಂದು ಕುಳಿತ.

“ಅರಚಬೇಡ ಕಣೇ,” ಎಂದ. “ನಮ್ಮನೆ ಸೋಫಾ ಕುಸಿದಿದೆ ಅಂತ ಅವಳು ರಿಪೇರಿಗೆ ಕಳಿಸಿದ್ದಳು. ಇದು ಅದರ ಬಟ್ಟೆ.”