ಒಗ್ಗರಣೆ

ಮಧುರಾ ಕೈ ತಿರುಚಿದ ರಭಸಕ್ಕೆ ಅತ್ತೆ ಅಲಮೇಲಮ್ಮನ ಗಾಜಿನ ಬಳೆಗಳು ಒಡೆದು ಮಣಿಕಟ್ಟಿನಲ್ಲಿ ರಕ್ತ ಜಿನುಗಿತು. ಬಚ್ಚಲಲ್ಲಿ ಮಗ ಅಭಿರಾಮ ವಾಂತಿ ಮಾಡುತ್ತಿದ್ದ.

“ವಿ.ವಿ. ಪುರಂ ತಿಂಡಿ ಬೀದಿಗೆ ಕರ್ಕೊಂಡ್ಹೋಗಿ ಕದ್ದು ಒಬ್ಬಟ್ಟು ತಿನ್ನಿಸಿದ್ರಿ ತಾನೆ? ಅವನಿಗೆ ಸೀಲಿಯಾಕ್ ಕಾಯಿಲೆ ಇದೆ, ಗೋಧಿ, ಮೈದಾ ವಿಷ ಅಂತ ಡಾಕ್ಟ್ರು ಹೇಳಿಲ್ವಾ?”

“ದೇವರಾಣೆ ಇಲ್ಲ ಕಣೇ. ನೀನು ಮಾಡಿದ ಸಾರನ್ನ ಬಿಟ್ಟು ಮಗು ಇನ್ನೇನೂ ತಿಂದಿಲ್ಲ.”

“ನನ್ನ ಸಾರಲ್ಲಿ ಗೋಧಿ ಎಲ್ಲಿದೆ? ನೋಡಿ! ಬೇಳೆ! ಹುಣಸೆಹಣ್ಣು! ಇಂಗು!” ಹಿಡಿದ ಕೈ ಬಿಡದೆ, ಇನ್ನೊಂದು ಕೈಯಲ್ಲಿ ಡಬ್ಬಿಗಳನ್ನು ಒಂದೊಂದಾಗಿ ಅತ್ತೆಯ ಕಾಲಬಳಿ ಅಪ್ಪಳಿಸಿದಳು.

ಬಾಯಿ ಒರೆಸಿಕೊಳ್ಳುತ್ತ ಬಂದ ಅಭಿರಾಮ, ಉರುಳಿ ಬಂದ ಇಂಗಿನ ಡಬ್ಬಿಯನ್ನು ಎತ್ತಿಕೊಂಡ. ಏನೇ ತಿನ್ನುವ ಮುಂಚೆ ಲೇಬಲ್ ಓದಬೇಕೆಂದು ಅಮ್ಮನೇ ಕಲಿಸಿದ್ದಳು.

“ಅಮ್ಮಾ, ಇದ್ರಲ್ಲಿ ಗೋಧಿ ಹಿಟ್ಟು ಅಂತ ಬರ್ದಿದೆ.”

ಮಧುರಾ ಹಿಡಿತ ಸಡಿಲಿಸಿದಳು. ಬೆರಳುಗಳು ಅತ್ತೆಯ ರಕ್ತಕ್ಕೆ ಅಂಟಿಕೊಂಡಿದ್ದವು.